ಆಷಾಢಕ್ಕೆ ಮುಂಚೆ ಒಂದು ಸೀರೆ ಗಾರ್ಡ್

ಹಿಂದಿನ ಚಕ್ರ ಬಿಚ್ಚಿ ಹೊರಗೆಳೆದಾಗ ಅದರ ಅಚ್ಚಿನ ಸುತ್ತ ಬಟ್ಟೆ ಸುತ್ತಿಕೊಂಡಿತ್ತು. ಬಟ್ಟೆ ಎಂದು ಗೊತ್ತಾದದ್ದು ಆಮೇಲೆ. ಮೊದಲು ಕಂಡದ್ದು ಗ್ರೀಸೂ ಧೂಳೂ ಕುಡಿದು ಕಪ್ಪಗೆ ಹುರಿಗೊಂಡ ಹಗ್ಗದಂಥ ಏನೋ. ಸೀಮೆಎಣ್ಣೆಯಲ್ಲಿ ನೆನೆಸಿ, ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಸ್ವಲ್ಪ ಸ್ವಲ್ಪವೇ ಕೊಯ್ದು ಬಿಡಿಸಿದೆ. ಒಳಗಿನ ಸುತ್ತು ಇನ್ನೂ ಬಣ್ಣ ಬಿಟ್ಟಿರಲಿಲ್ಲ. ಅರಿಶಿನದ ಬಣ್ಣ, ಕೆಂಪು ಅಂಚು, ಅಂಚಿನಲ್ಲಿ ಎರಡೆಳೆ ಜರಿ.

"ಏನ್ಲಾ ಅದು?" ಎಂದರು ಮೇಸ್ತ್ರಿ.

"ಸೀರೆ ಅಂಚು ಮೇಸ್ತ್ರೇ."

ಅವರು ಅದನ್ನು ತೆಗೆದುಕೊಂಡು ಹೆಬ್ಬೆರಳಲ್ಲಿ ಉಜ್ಜಿ ನೋಡಿದರು. "ಹಳೇ ಗಾಡಿ ಅಂದ್ಮೇಲೆ ಏನೇನೋ ಸಿಕ್ಕಾಕ್ಕೊಂಡಿರ್ತದೆ. ಯಾರೋ ಒರೆಸಿದ ಬಟ್ಟೆ. ಎಸೆದ್ಬುಡು. ಗುಮಾಸ್ತರ ಮುಂದೆ ಇದನ್ನ ಆಡಿ ತೋರಿಸೀಯ, ಜೋಕೆ."

ಒರೆಸುವ ಬಟ್ಟೆಗೆ ಜರಿ ಇರುವ ಮನೆ ಮೈಸೂರಿನಲ್ಲಿ ಒಂದೇ ಒಂದಿತ್ತು, ಆ ಮನೆಯವರು ಈ ಗಾಡಿ ಓಡಿಸಿರಲಾರರು ಎಂದು ಬಾಯಿಗೆ ಬಂತು. ನುಂಗಿಕೊಂಡೆ. ನಾನು ಮಾತು ನುಂಗಿಕೊಳ್ಳುವುದು ಅಪರೂಪ. ಲಷ್ಕರ್ ಮೊಹಲ್ಲಾದ ಆ ಮೋಟಾರ್ ಸೈಕಲ್ ರಿಪೇರಿ ಅಂಗಡಿಯಲ್ಲಿ ನನ್ನನ್ನು ಇಟ್ಟುಕೊಂಡದ್ದೇ ಬಾಯಿಗಾಗಿ ಎಂದು ಮೇಸ್ತ್ರಿ ಎಲ್ಲರೆದುರೂ ಹೇಳುತ್ತಿದ್ದರು. ಇಪ್ಪತ್ತು ವರ್ಷ ಸೈಲೆನ್ಸರುಗಳ ಹತ್ತಿರ ತಲೆ ಇಟ್ಟು ಅವರ ಕಿವಿ ಮಂದವಾಗಿತ್ತು. ಗಿರಾಕಿಯ ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದು, ಅದು ಏರಿನಲ್ಲಿ ಹೇಗೆ ಗೊಣಗಿತು, ಇಳಿಜಾರಿನಲ್ಲಿ ಹೇಗೆ ಕೆಮ್ಮಿತು ಎಂದು ಅವರ ಕಿವಿಯ ಬುಡದಲ್ಲಿ ಬಾಯಿಂದ ಮಾಡಿ ತೋರಿಸುವುದು ನನ್ನ ಕೆಲಸ. ಗಾಡಿಯ ಜೊತೆಗೆ ಅದರ ಯಜಮಾನರನ್ನೂ ಮಾಡಿ ತೋರಿಸುತ್ತಿದ್ದೆ, ಅದಕ್ಕೆ ಸಂಬಳವಿರಲಿಲ್ಲ. ನನ್ನ ನಡಿಗೆ ನಾನೇ ಮಾಡಿ ತೋರಿಸಿದರೆ ಬೀದಿಯ ಕೋಳಿಗಳೂ ನಿಂತು ನೋಡುತ್ತಿದ್ದವು. ಕಾಲು ಹಾಗಿವೆ, ಏನು ಮಾಡೋದು.

ಈ ಗಾಡಿ ಆ ಗುಮಾಸ್ತರದು. ಅವರ ತಂದೆ ಅರಮನೆ ಕಚೇರಿಯಲ್ಲಿ ಇದ್ದವರು, ಇವರು ಸರ್ಕಾರಿ ಕಚೇರಿಯಲ್ಲಿ. ಹೊಸದಾಗಿ ಮದುವೆಯಾಗಿತ್ತು. ಹೆಂಡತಿಗೆ ಕಡಕೊಳದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ನಂಜನಗೂಡಿನ ಕಡೆಯ ಬಸ್ಸು ಒಂದು ದಿನ ಬಂದರೆ ಒಂದು ದಿನ ಇಲ್ಲ, ಬಂದರೂ ನಿಲ್ಲದು. ಶಾಲೆ ತೆರೆದು ಮೂರು ವಾರದಲ್ಲೇ ಹೆಡ್‌ಮಾಸ್ಟರು "ಹೀಗೇ ತಡವಾದರೆ ಮೇಲಕ್ಕೆ ಬರೀಬೇಕಾಗುತ್ತೆ ಅಮ್ಮ" ಎಂದಿದ್ದರು. ಹಾಗಾಗಿ ಗುಮಾಸ್ತರು ಕೈಬದಲಾದ ಒಂದು ಸಣ್ಣ ಮೋಟಾರ್ ಸೈಕಲ್ ಕೊಂಡು ನಮ್ಮಲ್ಲಿಗೆ ತಳ್ಳಿಕೊಂಡು ಬಂದರು. ಬೆಳಿಗ್ಗೆ ಹೆಂಡತಿಯನ್ನು ಕಡಕೊಳಕ್ಕೆ ಬಿಟ್ಟು ಕಚೇರಿಗೆ, ಸಂಜೆ ಹೋಗಿ ಕರೆದುಕೊಂಡು ಮನೆಗೆ.

"ಗಾಡಿಗೆ ಬೇಕಾದ್ದೆಲ್ಲ ಹಾಕಿಕೊಡಿ ಮೇಸ್ತ್ರಿ. ಉದ್ದ ಸೀಟು, ಅವಳಿಗೆ ಹಿಡಿದುಕೊಳ್ಳೋಕೆ ಹಿಡಿ, ಕಾಲಿಡೋಕೆ ಹಲಗೆ, ಚಕ್ರಕ್ಕೆ ಸೀರೆ ಸಿಗದ ಹಾಗೆ ಜಾಲರಿ, ಒಂದು ಕನ್ನಡಿ. ಆದರೆ ಎಲ್ಲೂ ತೂತು ಕೊರೀಬೇಡಿ. ಬರೀ ಬೋಲ್ಟು. ನಾಳೆ ಮಾರೋದಾದ್ರೆ ಎಲ್ಲ ಬಿಚ್ಚಿ ಕೊಡಬಹುದು."

"ಯಾವತ್ತಿಗೆ ಬೇಕು ಸಾಮಿ?"

"ಅಮಾವಾಸ್ಯೆ ಒಳಗೆ. ಆಷಾಢ ಹುಟ್ಟಿದ ಮೇಲೆ ಹೊಸ ಗಾಡಿ ಮನೆಗೆ ತರಕೂಡದು ಅಂತ ನಮ್ಮಮ್ಮ. ಆಮೇಲೆ ತಂದರೆ ಒಂದು ತಿಂಗಳು ಅವರ ಮುಖ ನೋಡೋ ಹಾಗಿಲ್ಲ."

ಆಮೇಲೆ ಇವರ ದನಿ ನಾನು ಮಾಡಿದ್ದಿದೆ. ಪ್ರತಿ ವಾಕ್ಯದ ಕೊನೆಗೆ ಮೂಗಿಂದ ಒಂದು ಸಣ್ಣ ಗಾಳಿ. ಅಂಗಡಿಯೇ ನಕ್ಕಿತ್ತು. ಅಂಗಡಿ ಎಂದರೆ ಮೇಸ್ತ್ರಿ ಒಬ್ಬರೇ.

ಸೀಟು, ಹಿಡಿ, ಕನ್ನಡಿ ಕಷ್ಟದ ಕೆಲಸವಲ್ಲ. ಹಿಡಿಯನ್ನು ಸೀಟಿನ ಅಡಿಯ ಬೋಲ್ಟುಗಳಿಗೇ ಸೇರಿಸಿದೆವು, ಕನ್ನಡಿಯನ್ನು ಹ್ಯಾಂಡಲಿನ ಕ್ಲಾಂಪಿಗೆ. ಜಾಲರಿಯದೇ ತಲೆನೋವು. ಆಗ ಅದು ಅಂಗಡಿಯಲ್ಲಿ ಸಿಗುವ ಸಾಮಾನಾಗಿರಲಿಲ್ಲ, ನಮ್ಮಂಥವರೇ ಮಾಡಬೇಕಿತ್ತು. ಮೇಸ್ತ್ರಿ ಬೆರಳುಗಾತ್ರದ ಕಂಬಿಯನ್ನು ಚಕ್ರದ ಅರ್ಧಕ್ಕೆ ಸರಿಯಾಗಿ ಬಗ್ಗಿಸಿ ಚೌಕಟ್ಟು ಮಾಡಿದರು. ಅಡ್ಡಕ್ಕೆ ತೆಳು ಕಂಬಿಗಳನ್ನು ಬೆಸೆಸಿಕೊಂಡು ಬಂದೆ. ಮುಂದಿನ ಎರಡು ತುದಿ ಫ್ರೇಮಿನಲ್ಲಿ ಮೊದಲೇ ಇದ್ದ ಬೋಲ್ಟುಗಳಿಗೆ ಕೂತವು. ಹಿಂದಿನ ತುದಿಯನ್ನು ಹಿಡಿಯಲು ಏನೂ ಇರಲಿಲ್ಲ. ಮಡ್‌ಗಾರ್ಡಿಗೆ ತೂತು ಕೊರೆದರೆ ಹಿಡಿಯಬಹುದು, ಕೊರೆಯುವ ಹಾಗಿಲ್ಲ.

"ಇರ್ಲಿ ಬುಡು," ಎಂದರು ಮೇಸ್ತ್ರಿ, ಹಿಂದಿನ ತುದಿಯನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ. "ಕಲ್ಲಿದ್ದಂಗೈತೆ."

ಕಾಲಿಡುವ ಹಲಗೆಯನ್ನೂ ಆ ಜಾಲರಿಯ ಕೆಳಗಿನ ಕಂಬಿಗೇ ಬೋಲ್ಟು ಮಾಡಿದೆವು. ಒಂದೇ ಸಾಮಾನು, ಎರಡು ಕೆಲಸ. ಮೇಸ್ತ್ರಿಗೆ ಖುಷಿ. ನನಗೂ ಖುಷಿ, ಕಡಿಮೆ ಕೆಲಸ ಯಾರಿಗೆ ಬೇಡ.

ಹಲಗೆಯ ಎತ್ತರ ನೋಡಲು ಗುಮಾಸ್ತರು ಹೆಂಡತಿಯನ್ನು ಕರೆದುಕೊಂಡು ಬಂದರು. ಟೀಚರಮ್ಮ ಅಂಗಡಿಯೊಳಗೆ ಬರಲಿಲ್ಲ, ಬೀದಿಯಲ್ಲೇ ಕೊಡೆ ಹಿಡಿದು ನಿಂತರು. ಗಾಳಿ ಶುರುವಾಗಿತ್ತು. ಅವರ ಸೀರೆಯ ಸೆರಗು ಒಂದು ಕೈಗೆ, ಕೊಡೆ ಒಂದು ಕೈಗೆ.

"ಕೂತು ತೋರಿಸಲಾ?" ಎಂದು ಅವರೇ ಕೇಳಿದರು. "ಅಳತೆ ಸರಿಯಾಗಿ ಸಿಗುತ್ತೆ."

"ಬ್ಯಾಡ ಬ್ಯಾಡಮ್ಮ," ಎಂದರು ಮೇಸ್ತ್ರಿ ಗಾಬರಿಯಿಂದ. "ಬೀದಿ. ಜನ ಓಡಾಡ್ತವ್ರೆ."

"ಚೆನ್ನಾಗಿರಲ್ಲ ಕಣೇ," ಎಂದರು ಗುಮಾಸ್ತರೂ.

ಟೀಚರಮ್ಮ ಇಬ್ಬರನ್ನೂ ಒಮ್ಮೆ ನೋಡಿ ಕೊಡೆಯ ಕೆಳಗೆ ಸರಿದರು. ಮೇಸ್ತ್ರಿ ಅವರ ಎತ್ತರವನ್ನು ಕಣ್ಣಲ್ಲೇ ಅಳೆದು, ಅದೂ ಪೂರ್ತಿ ನೋಡದೆ, ಹಲಗೆಗೆ ಗುರುತು ಹಾಕಿದರು. ಹೆಂಗಸರ ಸೀಟಿನ ಪರೀಕ್ಷೆಗೆ ನಮ್ಮ ಅಂಗಡಿಯ ಪದ್ಧತಿ ಬೇರೆಯೇ ಇತ್ತು: ನಾನು ಹಿಂದೆ ಕೂರುವುದು, ಮೇಸ್ತ್ರಿ ಓಡಿಸುವುದು. ನಾನು ಎರಡೂ ಕಡೆ ಕಾಲು ಹಾಕಿ ಗಂಡಸಿನ ಹಾಗೆ ಕೂತೆ, ಇಬ್ಬರೂ ರೇಸ್ ಕೋರ್ಸ್ ಕಡೆ ಹೋಗಿ ಬಂದೆವು. ಜಾಲರಿ ಕಲ್ಲಿದ್ದ ಹಾಗೇ ಇತ್ತು. ಆ ಹಲಗೆಯ ಮೇಲೆ ಯಾರ ಪಾದವೂ ಬಿದ್ದಿರಲಿಲ್ಲ ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಹೊಳೆದದ್ದು ನನ್ನ ಕಪಿಚೇಷ್ಟೆಯಿಂದ. ಆ ಮಧ್ಯಾಹ್ನ ಕೆಲಸವಿರಲಿಲ್ಲ. ಸ್ಟ್ಯಾಂಡಿನ ಮೇಲೆ ನಿಂತಿದ್ದ ಗಾಡಿ ಹತ್ತಿ ಟೀಚರಮ್ಮನ ಹಾಗೆ ಪಕ್ಕಕ್ಕೆ ತಿರುಗಿ ಕೂತೆ. ಒಬ್ಬರನ್ನು ಮಾಡಿ ತೋರಿಸಬೇಕಾದರೆ ದನಿ ಆಮೇಲೆ, ಮೊದಲು ಅವರ ಹಾಗೆ ಕೂರಬೇಕು. ಬೆನ್ನು ನೆಟ್ಟಗೆ, ಎರಡೂ ಪಾದ ಜೋಡಿಸಿ ಹಲಗೆಯ ತುದಿಗೆ, ಇಲ್ಲದ ಕೊಡೆ ಎತ್ತಿ, "ಕೂತು ತೋರಿಸಲಾ ಮೇಸ್ತ್ರಿ?" ಎಂದೆ. ಮೇಸ್ತ್ರಿ ನಗಲು ಬಾಯಿ ತೆರೆದರು. ನಾನು ಕೆಳಗೆ ನೋಡಿದೆ. ಜಾಲರಿಯ ಹಿಂದಿನ ಮೂಲೆ ಮಡ್‌ಗಾರ್ಡಿನಿಂದ ಈಚೆಗೆ ಬಂದಿತ್ತು. ಪಾದ ಎತ್ತಿದೆ, ಮೆಲ್ಲಗೆ ವಾಪಸು ಹೋಯಿತು. ಮತ್ತೆ ಇಟ್ಟೆ, ಮತ್ತೆ ಬಾಯಿ ತೆರೆಯಿತು. ಯಾರೋ ಬಾಗಿಲ ಹಿಂದೆ ನಿಂತು ಕದ ಸರಿಸಿ ನೋಡಿದ ಹಾಗೆ.

"ಮೇಸ್ತ್ರೇ, ಇದು ತೆರ್ಕೊಳ್ತದೆ."

ಅವರು ಬಂದು ಕೈಯಲ್ಲಿ ಒತ್ತಿ ನೋಡಿದರು. ಕೈಗೆ ಜಗ್ಗಲಿಲ್ಲ. "ನೀನ್ ಕುಣಿದ್ರೆ ಗೋಡೆನೂ ಅಲ್ಲಾಡ್ತದೆ. ಇಳೀಲಾ."

"ಓಡುವಾಗ ನೋಡೋಣ. ಸೀರೆ ಉಟ್ಟು ಪಕ್ಕಕ್ಕೆ ಕೂರ್ತೀನಿ. ಕಡಕೊಳದ ರಸ್ತೇಲೇ."

"ಸೀರೆ ಉಟ್ಕೊಂಡು? ನನ್ ಹಿಂದ್ಗಡೆ? ನನಗೂ ಹೆಂಡ್ರು ಮಕ್ಳು ಅವ್ರೆ ಕಣ್ಲಾ."

ಸಂಜೆ ಗುಮಾಸ್ತರು ಬಂದು ಅಮಾವಾಸ್ಯೆ ನಾಡಿದ್ದು, ನಾಳೆ ಸಂಜೆ ಗಾಡಿ ತಗೊಂಡು ಹೋಗಿಬಿಡುತ್ತೇನೆ, ಅಮ್ಮ ನಿಂಬೆಹಣ್ಣು ತರಿಸಿಟ್ಟಿದ್ದಾರೆ ಎಂದರು. ಅವರು ಹೋದ ಮೇಲೆ ಮೇಸ್ತ್ರಿ ಬಹಳ ಹೊತ್ತು ಬೀಡಿ ಹಚ್ಚದೆ ಬಾಯಲ್ಲಿ ಇಟ್ಟುಕೊಂಡು ಕೂತರು. ಆಮೇಲೆ ನನ್ನ ಮುಖ ನೋಡದೆ ಹೇಳಿದರು.

"ನಾಳೆ ಉಟ್ಕೊಂಡು ಬಾ. ಒಂದೇ ಸಲ."

ಅಜ್ಜಿಯ ಹತ್ತಿರ ಒಂದು ಹಳೆಯ ನೂಲಿನ ಸೀರೆ ಕೇಳಿದೆ. ಒಗೆದು ಒಗೆದು ಗಾಳಿಯ ಹಾಗೆ ಹಗುರವಾಗಿತ್ತು. ಏತಕ್ಕೆ ಎಂದಳು, ಹೇಳಿದೆ. ಅವಳು ಉಡಿಸುತ್ತಾ ನೆರಿಗೆಯನ್ನು ನನ್ನ ಸೊಂಟಕ್ಕೆ ಬೇಕೆಂದೇ ಬಿಗಿಯಾಗಿ ಸಿಕ್ಕಿಸಿದಳು. "ಹೆಣ್ ಮೊಮ್ಮಗಳು ಬೇಕು ಅಂತ ಹರಕೆ ಹೊತ್ತಿದ್ದೆ. ದೇವ್ರು ಇಷ್ಟು ಲೇಟಾಗಿ ಕೊಡ್ತಾನೆ ಅಂದ್ಕೊಂಡಿರಲಿಲ್ಲ. ಹರಕೊಂಡು ಬಂದ್ರೆ ಮನೆ ಒಳಗೆ ಸೇರಿಸಲ್ಲ ನೋಡು."

ಬೀದಿಯಲ್ಲಿ ಬಿದ್ದ ಮಾತುಗಳನ್ನು ಬರೆಯುವುದಿಲ್ಲ. ಹೂ ಮಾರುವಾಕೆ ಒಂದು ಮೊಳ ಮಲ್ಲಿಗೆ ಎಸೆದು "ಗಂಡನ ಮನೆಗಾ ತಾಯಿ?" ಎಂದದ್ದೇ ಅವುಗಳಲ್ಲಿ ಮರ್ಯಾದೆಯದು. "ಹೂಂ ಕಣಮ್ಮ, ವರ ಸ್ವಲ್ಪ ವಯಸ್ಸಾದೋನು" ಎಂದು ಟೀಚರಮ್ಮನ ದನಿಯಲ್ಲೇ ಹೇಳಿದೆ. ಮೇಸ್ತ್ರಿ ಗಾಡಿಯನ್ನು ಗೇರಿಗೆ ಹಾಕಿ ಯಾರ ಕಡೆಯೂ ನೋಡದೆ ಹೊರಟರು.

ಊರು ದಾಟುವವರೆಗೆ ನಾನು ಬಾಯಿ ಮುಚ್ಚಲಿಲ್ಲ. "ರೀ, ನಿಧಾನ ರೀ." "ರೀ, ಅಲ್ಲಿ ಎಮ್ಮೆ ರೀ." "ನಿಮ್ಮಮ್ಮನಿಗೆ ಹೇಳ್ತೀನಿ ರೀ." ಮೇಸ್ತ್ರಿಯ ಬೆನ್ನು ನಗೆಗೆ ಕುಲುಕುತ್ತಿತ್ತು. ಮಂದ ಕಿವಿಗೂ ಕೇಳಲೆಂದು ಕಿವಿಯ ಹತ್ತಿರವೇ ಕಿರುಚುತ್ತಿದ್ದೆ. ನಂಜನಗೂಡು ರಸ್ತೆಗೆ ಬಿದ್ದ ಮೇಲೆ ಎರಡೂ ಕಡೆ ಆಲದ ಮರಗಳು, ನಡುನಡುವೆ ಬಯಲು. ಮರದ ಸಾಲು ಇರುವಲ್ಲಿ ಗಾಳಿ ಇಲ್ಲ. ಬಯಲು ಬಂದ ಕೂಡಲೇ ಬಲದಿಂದ ಹೊಡೆದು ಸೆರಗನ್ನು ನನ್ನ ಎಡಕ್ಕೆ, ಕೆಳಕ್ಕೆ ಎಳೆಯುತ್ತಿತ್ತು. ಕೆಳಗೆ ನೋಡಿದೆ. ಪಾದದ ಭಾರಕ್ಕೆ ಜಾಲರಿಯ ಮೂಲೆ ಈಚೆ ಬಂದು ನಿಂತಿತ್ತು. ರಸ್ತೆಯ ಪ್ರತಿ ಕುಳಿಗೂ ಆ ಬಾಯಿ ಇನ್ನಷ್ಟು ತೆರೆದು ಮುಚ್ಚುತ್ತಿತ್ತು.

ಎದುರಿನಿಂದ ಒಂದು ಲಾರಿ ಬಂತು. ಅದು ಹಾಯ್ದು ಹೋದಾಗ ಎದ್ದ ಗಾಳಿಗೆ ಸೆರಗಿನ ತುದಿ ಎದ್ದು, ಸುತ್ತಿ, ನೇರ ಆ ಬಾಯಿಯೊಳಗೆ ಹೋಯಿತು. ಫಟಫಟ ಎಂದು ಚಕ್ರದ ಕಡ್ಡಿಗಳು ಅದನ್ನು ಹೊಡೆಯುವ ಸದ್ದು.

"ಮೇಸ್ತ್ರೇ, ನಿಲ್ಲಿಸಿ. ಸೀರೆ ಸಿಕ್ತು. ನಿಲ್ಲಿಸಿ."

"ಭಲೇ," ಎಂದರು ಮೇಸ್ತ್ರಿ. "ಅಚ್ಚು ಆಯಮ್ಮನೇ ಕಣ್ಲಾ." ಎಂದು ರೇಸು ಕೊಟ್ಟರು.

ಗಾಬರಿಯಲ್ಲಿ ನನ್ನ ದನಿ ಹೆಣ್ಣಿನ ದನಿಯಾಗೇ ಉಳಿದಿತ್ತೋ, ನನ್ನದೇ ಆಗಿತ್ತೋ ಈಗಲೂ ಗೊತ್ತಿಲ್ಲ. ಬೆನ್ನಿಗೆ ಗುದ್ದಿದೆ. ಅವರು ತಲೆ ಅಲ್ಲಾಡಿಸಿ ನಕ್ಕರು. ಸೆರಗು ಕೈಯಿಂದ ಜಾರಿತು. ಫಟಫಟ ನಿಂತಿತು. ಆ ಸದ್ದು ನಿಂತದ್ದೇ ಕೆಟ್ಟದ್ದು. ಬಟ್ಟೆ ಅಚ್ಚಿಗೆ ಹಿಡಿದಿತ್ತು. ಹೆಗಲಿಂದ ಎದೆಗೆ, ಎದೆಯಿಂದ ಸೊಂಟಕ್ಕೆ ಸೀರೆ ಬಿಗಿಯುತ್ತಾ ಬಂತು. ಅಜ್ಜಿ ಬಿಗಿಯಾಗಿ ಸಿಕ್ಕಿಸಿದ ಗಂಟಿನ ಹತ್ತಿರ ಬಂದಾಗ ಉಸಿರು ನಿಂತಿತು. ಕೂಗಲು ಬಾಯಿ ತೆರೆದೆ, ಏನೂ ಹೊರಡಲಿಲ್ಲ.

ನಾನು ಕೂಗಿದ್ದಕ್ಕೆ ಮೇಸ್ತ್ರಿ ನಿಲ್ಲಿಸಲಿಲ್ಲ. ಸುಮ್ಮನಾದದ್ದಕ್ಕೆ ನಿಲ್ಲಿಸಿದರು. ನನ್ನ ಬಾಯಿ ಅಷ್ಟು ಹೊತ್ತು ಮುಚ್ಚಿದ್ದನ್ನು ಅವರು ಕಂಡಿರಲಿಲ್ಲವಂತೆ, ಏನೋ ಆಗಿದೆ ಎಂದು ಬ್ರೇಕು ಒತ್ತಿದರಂತೆ. ಹಿಂದಿನ ಚಕ್ರ ಬಿಗಿದು ಗಾಡಿ ಎಡಕ್ಕೆ ಜಾರಿತು. ಹಳೆಯ ನೂಲು ಉದ್ದಕ್ಕೂ ಹರಿಯಿತು. ನಾನು ರಸ್ತೆಯ ಪಕ್ಕದ ಮಣ್ಣಿಗೆ ಬಿದ್ದೆ, ಮೊಣಕೈ ಕೆತ್ತಿತು. ಮೇಸ್ತ್ರಿ ಗಾಡಿಯ ಕೆಳಗಿಂದ ಕಾಲು ಎಳೆದುಕೊಂಡು ನನ್ನ ಹತ್ತಿರ ತೆವಳಿಕೊಂಡು ಬಂದರು.

"ಮಾತಾಡ್ಲಾ. ಮಾತಾಡು."

"ಏನ್ ಮಾತಾಡ್ಲಿ," ಎಂದೆ.

ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು ಹಾಗೇ ಕೂತರು. ಸೊಂಟದ ಸುತ್ತ ಕೆಂಪಗೆ ಬರೆ ಎಳೆದ ಹಾಗೆ ಗುರುತು ಬಿದ್ದಿತ್ತು. ಆಮೇಲೆ ಇಬ್ಬರೂ ಚಕ್ರದ ಹತ್ತಿರ ಹೋದೆವು. ಅಜ್ಜಿಯ ಸೀರೆ ಅಚ್ಚಿನ ಸುತ್ತ ಹಗ್ಗದ ಹಾಗೆ ಹುರಿಗೊಂಡು ಕೂತಿತ್ತು. ಮೇಸ್ತ್ರಿ ಚಾಕುವಿನಿಂದ ಕೊಯ್ಯುತ್ತಾ, ನನಗಲ್ಲ, ತಮಗೇ ಎನ್ನುವ ಹಾಗೆ ಹೇಳಿದರು.

"ಆ ಅರಿಶಿನದ್ದೂ ಇಂಗೇ ಇತ್ತು."

ಆ ಹೆಂಗಸು ಯಾರು, ಏನಾದಳು ಎಂದು ನಮಗೆ ಇವತ್ತಿಗೂ ತಿಳಿದಿಲ್ಲ. ಗಾಡಿ ಮಾರಿದವನು ಇನ್ನೊಬ್ಬನಿಂದ ಕೊಂಡವನು, ಆ ಇನ್ನೊಬ್ಬ ಊರು ಬಿಟ್ಟಿದ್ದ.

ಅಂಗಡಿಗೆ ಬಂದಾಗ ಗುಮಾಸ್ತರೂ ಟೀಚರಮ್ಮನೂ ಕಾಯುತ್ತಿದ್ದರು. ಮೇಸ್ತ್ರಿ ಇಳಿಯುತ್ತಲೇ "ಸಣ್ಣ ಕೆಲ್ಸ ಬಾಕಿ ಐತೆ ಸಾಮಿ, ಒಂದು ಗಂಟೆ ಕೊಟ್ರೆ ಬಿಗಿ ಮಾಡಿ ಕೊಟ್ಬುಡ್ತೀನಿ" ಎಂದರು. ಅವರದು ಕೆಟ್ಟ ಮನಸ್ಸಲ್ಲ. ಬಿಗಿ ಮಾಡಿದರೆ ಸರಿಹೋಗುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರು, ಅಮಾವಾಸ್ಯೆ ತಪ್ಪಿಸಿ ಒಂದು ಮನೆಯಲ್ಲಿ ಜಗಳ ತರುವುದು ಅವರಿಗೆ ಬೇಕಿರಲಿಲ್ಲ. ಆದರೆ ನನ್ನ ಸೊಂಟ ಉರಿಯುತ್ತಿತ್ತು. ಅರ್ಧ ಸೀರೆ ಸುತ್ತಿಕೊಂಡು, ಚಡ್ಡಿ ಕಾಣುತ್ತಾ, ತಲೆಯಲ್ಲಿ ಮಲ್ಲಿಗೆ ಇಟ್ಟುಕೊಂಡು ನಿಂತಿದ್ದ ನಾನು ನಡೆದದ್ದನ್ನೆಲ್ಲ ಹೇಳಿದೆ. ಮೂಲೆ ತೆರೆದದ್ದು, ಲಾರಿ, ಬಿದ್ದದ್ದು, ಕೊನೆಗೆ ಮೊದಲ ದಿನ ಅಚ್ಚಿನಲ್ಲಿ ಸಿಕ್ಕ ಅರಿಶಿನ ಬಣ್ಣದ ಬಟ್ಟೆ. ಮೇಸ್ತ್ರಿ ನೆಲ ನೋಡಿದರು.

ಗುಮಾಸ್ತರು ನಕ್ಕುಬಿಟ್ಟರು. "ವೇಷ ಚೆನ್ನಾಗಿದೆ ಕಣಯ್ಯ. ನನ್ನದೂ ಮಾಡ್ತೀಯಂತಲ್ಲ, ಮೂಗಲ್ಲಿ. ನಮ್ಮ ಆಫೀಸಿನವರೆಗೂ ಸುದ್ದಿ ಬಂದಿದೆ."

"ಸಾರ್, ಇದು ಮಾಡಿ ತೋರಿಸ್ತಿರೋದಲ್ಲ."

"ಅದನ್ನೂ ಎಷ್ಟು ಚೆನ್ನಾಗಿ ಹೇಳ್ತಾನೆ ನೋಡೇ."

ಹೆಂಡತಿ ನಗಲಿಲ್ಲ. ಅವರು ಬಾಗಿ ಚಕ್ರದ ಕಡ್ಡಿಯಲ್ಲಿ ಉಳಿದಿದ್ದ ಒಂದು ಚಿಂದಿಯನ್ನು ಬೆರಳಿಂದ ಎಳೆದು ತೆಗೆದರು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದರು. ಸುಲಭವಾಗಿ ಹರಿಯಿತು.

"ಹರೀತು, ಅದಕ್ಕೆ ನೀವು ಇಲ್ಲಿ ನಿಂತಿದ್ದೀರಿ," ಎಂದರು ನನಗೆ. ತಮ್ಮ ಸೆರಗು ಹಿಡಿದು ಅದನ್ನೂ ಹಾಗೇ ಜಗ್ಗಿ ತೋರಿಸಿದರು. "ಇದು ನೈಲಾನು. ಶಾಲೆಗೆ ಉಡೋದೆಲ್ಲ ಇದೇ."

ಗುಮಾಸ್ತರ ಮುಖದ ನಗೆ ಹಾಗೇ ಇತ್ತು, ಅದರ ಒಳಗಿಂದ ಏನೋ ಇಳಿದು ಹೋದ ಹಾಗಾಯಿತು.

"ಸ್ಟ್ಯಾಂಡು ಹಾಕಿ," ಎಂದರು ಟೀಚರಮ್ಮ. "ಕೂತ್ಕೋತೀನಿ."

"ಬೀದಿ ಕಣೇ."

"ಹೌದು, ಬೀದಿ. ನಾಳೆಯಿಂದ ದಿನಾ ಬೀದಿಯಲ್ಲೇ ಅಲ್ಲವೇ ಕೂರೋದು?"

ಕೂತರು. ತರಗತಿಯಲ್ಲಿ ಹಾಜರಿ ಕೂಗುವ ಹಾಗೆ ನೆಟ್ಟಗೆ. ಜನ ನಿಂತು ನೋಡಿದರು, ಅವರು ಜನವನ್ನು ನೋಡಿದರು, ಜನ ಮುಂದೆ ಹೋದರು. ಪಾದ ಹಲಗೆಗೆ ಬಿದ್ದ ಕೂಡಲೇ ಜಾಲರಿಯ ಮೂಲೆ ಈಚೆಗೆ ಬಂತು. ನನಗೆ ಬಂದದ್ದಕ್ಕಿಂತ ಹೆಚ್ಚು, ಏಕೆಂದರೆ ಅವರು ಹಲಗೆಯ ತೀರಾ ತುದಿಗೆ ಪಾದ ಇಡುತ್ತಿದ್ದರು. ಗುಮಾಸ್ತರು ಬಗ್ಗಿ ಆ ಸಂದಿಯೊಳಗೆ ಅಂಗೈ ಹಾಕಿದರು. ಸಲೀಸಾಗಿ ಹೋಯಿತು. ಕೈ ಹೊರಗೆ ತೆಗೆಯಲು ಮರೆತವರ ಹಾಗೆ ಸ್ವಲ್ಪ ಹೊತ್ತು ಕೂತಿದ್ದರು.

"ತೂತು ಕೊರೀರಿ," ಎಂದರು.

"ಎರಡು ದಿನ ಆಯ್ತದೆ ಸಾಮಿ. ಆಷಾಢ ಬಂದ್ಬುಡ್ತದೆ. ಅಮ್ಮಾವ್ರು..."

"ಅತ್ತೆಯವರಿಗೆ ನಾನು ಹೇಳ್ತೀನಿ," ಎಂದು ಟೀಚರಮ್ಮ ಇಳಿದರು. "ಬೈಸಿಕೊಳ್ಳೋದು ನನಗೆ ಅಭ್ಯಾಸವಾಗಿದೆ. ಹೆಡ್‌ಮಾಸ್ಟರ ಹತ್ರ ಎರಡು ದಿನ ಬೈಸಿಕೊಂಡರೆ ಮೂರನೇದು ಭಾರ ಅಲ್ಲ."

ನಾವು ಜಾಲರಿಯನ್ನು ಪೂರ್ತಿ ಬಿಚ್ಚಿದೆವು. ಮೊದಲು ಹಲಗೆಯನ್ನು ಅದರಿಂದ ಬೇರೆ ಮಾಡಿದೆವು. ದಪ್ಪ ಪಟ್ಟಿಯ ಒಂದು ಬ್ರಾಕೆಟ್ ಮಾಡಿ ಹಲಗೆಯನ್ನು ನೇರ ಫ್ರೇಮಿನ ಕೊಳವೆಗೆ ಯು-ಬೋಲ್ಟಿನಿಂದ ಬಿಗಿದೆವು. ಈಗ ಪಾದದ ಭಾರ ಫ್ರೇಮಿಗೆ, ಜಾಲರಿಗಲ್ಲ. ಆಮೇಲೆ ಮಡ್‌ಗಾರ್ಡಿಗೆ ತೂತು ಕೊರೆದು, ತಗಡು ಹರಿಯದ ಹಾಗೆ ಒಳಗಿನಿಂದ ಅಗಲ ವಾಷರ್ ಕೊಟ್ಟು, ಜಾಲರಿಯ ಹಿಂದಿನ ತುದಿಗೆ ಎರಡು ಆಸರೆ ಕಂಬಿ ಹಾಕಿದೆವು. ಕಂಬಿಗಳ ನಡುವಿನ ಸಂದಿ ಸೆರಗಿನ ತುದಿ ತೂರುವಷ್ಟಿತ್ತು, ಒಳಗಡೆ ಒತ್ತಾದ ತಂತಿ ಬಲೆ ಹೊಲಿದೆ. ಪ್ರತಿ ನಟ್ಟಿಗೂ ಮೇಲೊಂದು ನಟ್ಟು. ಮೇಸ್ತ್ರಿ ನಾನು ಬಿಗಿದದ್ದನ್ನು ಬಿಚ್ಚಿ ಮತ್ತೆ ಬಿಗಿದರು. ನಾನು ಅವರು ಬಿಗಿದದ್ದನ್ನು. ಕೊನೆಗೆ ಟೀಚರಮ್ಮನನ್ನು ಕರೆಸಿ ಕೂರಿಸಿ, ಗಾಡಿಯನ್ನು ಎತ್ತಿ ನಿಲ್ಲಿಸಿ, ಎಂಜಿನ್ ಹಾಕಿ ಚಕ್ರ ತಿರುಗಿಸಿ, ಅವರದೇ ಒಂದು ನೈಲಾನ್ ಸೀರೆಯ ತುದಿಯನ್ನು ಎಲ್ಲ ಕಡೆಯಿಂದಲೂ ಒಡ್ಡಿ ನೋಡಿದೆವು. ಎಲ್ಲೂ ಒಳಗೆ ಹೋಗಲಿಲ್ಲ. ಮೇಸ್ತ್ರಿಗೆ ನಂಬಿಕೆ ಬರಲಿಲ್ಲ, ಮತ್ತೆ ಒಡ್ಡಿದರು.

ಆಷಾಢದ ಮೊದಲ ವಾರದಲ್ಲಿ ಗಾಡಿ ಮನೆಗೆ ಹೋಯಿತು. ಗುಮಾಸ್ತರ ತಾಯಿ ಬಾಗಿಲಿಗೆ ಬರಲಿಲ್ಲವಂತೆ. ಒಳಗಿಂದಲೇ "ಆಷಾಢದ ಗಾಡಿ ಆಷಾಢದ ಗಾಳೀಲೇ ಹೋಗುತ್ತೆ" ಎಂದರಂತೆ. ಈ ಮಾತು ಹೇಳುವಾಗ ಟೀಚರಮ್ಮ ನಗುತ್ತಿದ್ದರು. ನಾನು ಆ ತಾಯಿಯ ದನಿ ಕೇಳಿಲ್ಲ, ಆದರೂ ಆ ಮಾತು ಅವರ ದನಿಯಲ್ಲೇ ನನ್ನ ಕಿವಿಯಲ್ಲಿ ಉಳಿಯಿತು.

ಮೊದಲ ದಿನ ಬೆಳಿಗ್ಗೆ ಮೇಸ್ತ್ರಿಯ ಹಳೆಯ ಗಾಡಿ ತೆಗೆದುಕೊಂಡು ಅವರ ಹಿಂದೆ ಹೋದೆ. ಕಣ್ಣು ಆ ಸೆರಗಿನ ಮೇಲೆ. ಬಯಲು ಬಂದಾಗ ಗಾಳಿ ಹೊಡೆಯಿತು. ಸೆರಗಿನ ಅಂಚು ಎದ್ದು ಬಲೆಗೆ ಹೋಗಿ ಅಂಟಿಕೊಂಡಿತು, ಒಳಗೆ ಹೋಗಲು ದಾರಿ ಹುಡುಕುವ ಹಾಗೆ ಮೇಲೆ ಕೆಳಗೆ ಆಡಿತು, ಬಿದ್ದಿತು. ಕಡಕೊಳದಲ್ಲಿ ಅವರು ಇಳಿದು ಶಾಲೆಯೊಳಗೆ ಹೋದರು. ಎರಡನೆಯ ದಿನವೂ ಹೋದೆ. ಒಂದು ದಿನ ಏನೂ ಆಗಲಿಲ್ಲ ಎಂದರೆ ಏನು ಅರ್ಥ? ಅದೇ ಗಾಳಿ, ಅದೇ ಲಾರಿಗಳು, ನಟ್ಟು ಮಾತ್ರ ಒಂದು ದಿನ ಹಳೆಯದು.

ಎರಡನೆಯ ದಿನ ಟೀಚರಮ್ಮ ಶಾಲೆಯ ಬಾಗಿಲಿಂದ ವಾಪಸು ಬಂದು ನನ್ನ ಗಾಡಿಯ ಮುಂದೆ ನಿಂತರು.

"ನಾಳೆಯಿಂದ ಬರಬೇಡಿ."

"ಇನ್ನೊಂದು ವಾರ ಅಮ್ಮ. ನಟ್ಟುಗಳು..."

"ನೀವು ಹಿಂದೆ ಬಂದರೆ ಇವರು ಕನ್ನಡಿಯಲ್ಲಿ ನಿಮ್ಮನ್ನೇ ನೋಡ್ತಾ ಇರ್ತಾರೆ. ನೀವು ಏನಾದ್ರೂ ಕೈ ಮಾಡ್ತೀರೇನೋ ಅಂತ. ಇವತ್ತು ಒಂದು ಎತ್ತಿನ ಗಾಡಿಗೆ ಹೊಡೆಯೋದರಲ್ಲಿದ್ದರು. ನಿಮಗೆ ಕಾಣಲಿಲ್ಲವಾ?"

ಕಂಡಿರಲಿಲ್ಲ. ನಾನು ಸೆರಗು ನೋಡುತ್ತಿದ್ದೆ.

ಮೂರನೆಯ ದಿನ ಅಂಗಡಿಯಲ್ಲೇ ಉಳಿದೆ. ಒಂದು ಕಾರ್ಬುರೇಟರ್ ಬಿಚ್ಚಿದೆ, ತೊಳೆದೆ, ಜೋಡಿಸಿದೆ, ಮತ್ತೆ ಬಿಚ್ಚಿದೆ. ಗಾಳಿಗೆ ಬೀದಿಯ ತಗಡುಗಳು ಬಡಿದುಕೊಳ್ಳುತ್ತಿದ್ದವು. ಗಿರಾಕಿಯೊಬ್ಬರು ಬಂದು "ಏನೋ, ಇವತ್ತು ಯಾರ ದನೀನೂ ಇಲ್ಲ" ಎಂದರು. "ಎಲ್ಲ ರಜಾ ಹಾಕಿವೆ ಸಾರ್" ಎಂದೆ. ಗುಮಾಸ್ತರು ಸಂಜೆ ಮನೆಗೆ ಹೋಗುವುದು ನಮ್ಮ ಬೀದಿಯ ಮೂಲಕ. ಅವರು ಹಾಯುವ ಹೊತ್ತು ಆಯಿತು, ಕಳೆಯಿತು. ಮೇಸ್ತ್ರಿ ಕೈ ಒರೆಸಿಕೊಂಡು ಬಾಗಿಲಿಗೆ ಬಂದು ನಿಂತರು. ನಾನೂ.

ಗಾಡಿ ಬಂತು. ಗುಮಾಸ್ತರು ಮಾತ್ರ. ಹಿಂದಿನ ಸೀಟು ಖಾಲಿ.

ಅವರು ನಮ್ಮನ್ನು ನೋಡಿ ವೇಗ ಕಡಿಮೆ ಮಾಡಿ "ಅವಳಿಗೆ ಶಾಲೇಲಿ ಮೀಟಿಂಗು, ಬಸ್ಸಿಗೆ ಬರ್ತಾಳೆ" ಎಂದು ಕೂಗಿ ಹೋದರು. ಮೂಗಿನ ಗಾಳಿ ಎಂದಿನಂತೆ.

"ಬಸ್ಸಿಗೆ ಬತ್ತರಂತೆ," ಎಂದರು ಮೇಸ್ತ್ರಿ ನನಗೆ, ನಾನು ಕೇಳಿಸಿಕೊಂಡಿಲ್ಲವೇನೋ ಎಂಬಂತೆ. ಅವರ ಮಂದ ಕಿವಿಗೆ ಅದು ಕೇಳಿಸಿದ್ದೇ ನನಗೆ ಆಶ್ಚರ್ಯ.

"ಹೂಂ. ಬಸ್ಸಿಗೆ."

ಅಂಗಡಿ ಮುಚ್ಚುವ ಹೊತ್ತು. ಬಾಗಿಲ ಹಲಗೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದೆವು, ಇಬ್ಬರೂ ಮುಟ್ಟಲಿಲ್ಲ. ಬೀದಿ ದೀಪ ಹತ್ತಿತು. ಮೇಸ್ತ್ರಿ ಒಂದು ಬೀಡಿ ಹಚ್ಚಿದರು, ಗಾಳಿಗೆ ಆರಿತು, ಇನ್ನೊಮ್ಮೆ ಹಚ್ಚಲಿಲ್ಲ. ಬೀದಿಯ ಕೊನೆಯಲ್ಲಿ ಕೊಡೆಯೊಂದು ಗಾಳಿಗೆ ಅಡ್ಡ ಹಿಡಿದು ಯಾರೋ ಬರುತ್ತಿದ್ದರು. ಹತ್ತಿರ ಬಂದು, ನಮ್ಮಿಬ್ಬರನ್ನೂ ಬಾಗಿಲಲ್ಲಿ ಕಂಡು ನಿಂತರು.

"ಏನು, ಇಷ್ಟು ಹೊತ್ತಾದರೂ ಬಾಗಿಲು ಹಾಕಿಲ್ಲ?"

"ಈಗ ಹಾಕ್ತೀವಿ ಅಮ್ಮ," ಎಂದೆ.

ಮೇಸ್ತ್ರಿ ಮೊದಲ ಹಲಗೆ ಎತ್ತಿಕೊಂಡರು.